ಬಿಚ್ಚುವವನ ಹೊಣೆ

ಕಟ್ಟುವುದು ಕಷ್ಟ, ಕೆಡಹುವುದು ಸುಲಭ ಎಂಬ ಮಾತು ಲೋಕದಲ್ಲಿ ರೂಢವಾಗಿದೆ. ಆದರೆ ಮತ್ತೆ ಕಟ್ಟುವುದಕ್ಕಾಗಿಯೇ ಬಿಚ್ಚುವುದು ಇವೆರಡಕ್ಕಿಂತಲೂ ಭಿನ್ನವಾದ ಕಾರ್ಯ. ಅದರ ಧರ್ಮವೂ ಭಿನ್ನವಾದುದು.

ಬಿಚ್ಚಿ ಜೋಡಿಸಬಲ್ಲ ಕಪಾಟು, ಮೇಜು, ಮಂಚಗಳು ಇಂದು ಮನೆಮನೆಗಳಲ್ಲಿ ಸಾಮಾನ್ಯವಾಗಿವೆ. ಈ ಕಲ್ಪನೆ ಹೊಸದೇನೂ ಅಲ್ಲ. 1859ರಲ್ಲಿ ವಿಯೆನ್ನಾದ ಥೋನೆಟ್ ಸಂಸ್ಥೆಯು ರೂಪಿಸಿದ ಕುರ್ಚಿಯನ್ನು ಬಿಡಿಭಾಗಗಳಾಗಿಸಿ, ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36ರಂತೆ ತುಂಬಿ ದೇಶಾಂತರಗಳಿಗೆ ಕಳುಹಿಸುತ್ತಿದ್ದರು. ನಮ್ಮ ಹಳೆಯ ಹಲಸಿನ ಮಂಚವೂ ಕಾಲು, ಪಟ್ಟಿಗಳಾಗಿ ಬಿಚ್ಚಿಕೊಳ್ಳುತ್ತಿತ್ತು. ಆದರೆ ಹಲಸು ನಮ್ಮ ಅಜಾಗ್ರತೆಯನ್ನು ಬಹಳಮಟ್ಟಿಗೆ ಸಹಿಸುವ ಮರ. ಮರದ ಪುಡಿಯನ್ನು ಅಂಟಿನೊಡನೆ ಒತ್ತಿ ಮಾಡಿದ ಇಂದಿನ ಹಲಗೆಗೆ ಆ ಸಹನೆಯಿಲ್ಲ. ಕಾಸರಗೋಡಿನ ಆಷಾಢದ ಮಳೆನೀರು ಅಂಚಿಗೆ ಇಳಿದರೆ ಅದು ಉಬ್ಬುತ್ತದೆ. ಉಬ್ಬಿದ ಹಲಗೆ ಮರಳಿ ಮೊದಲಿನಂತಾಗದು.

ಆದುದರಿಂದ, ಜೋಡಿಸಿದ ಕ್ರಮಕ್ಕೆ ವಿಲೋಮವಾಗಿ ಬಿಚ್ಚಬೇಕು. ಪ್ರತಿ ಹಲಗೆಯ ಒಳಮೈಯಲ್ಲಿ ಅಂಕೆ ಬರೆಯಬೇಕು. ಅಂಚು ಮೂಲೆಗಳಿಗೆ ಬಟ್ಟೆ ಸುತ್ತಿ, ನೀರು ತಾಗದಂತೆ ಹೊದಿಸಬೇಕು. ಕನ್ನಡಿಯನ್ನು ಮಲಗಿಸದೆ ನಿಲ್ಲಿಸಿ ಒಯ್ಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಿರುಪುಗಳನ್ನು ಚೀಲದಲ್ಲಿ ಹಾಕಿ, ಯಾವ ಸಾಮಾನಿನವೆಂದು ಬರೆದು, ಆ ಹಲಗೆಗೇ ಕಟ್ಟಬೇಕು.

ಜಡವಸ್ತುವಿಗೆ ಇಷ್ಟೊಂದು ಎಚ್ಚರವೇಕೆ ಎಂದು ಯಾರಾದರೂ ಕೇಳಬಹುದು. ಎಚ್ಚರವು ಸಲ್ಲುವುದು ಪೆಟ್ಟಿಗೆಯನ್ನು ತೆರೆಯುವ ಮನುಷ್ಯನಿಗೆ. ಬಿಚ್ಚಿದವನಿಗೆ ಎಲ್ಲವೂ ನೆನಪಿರುತ್ತದೆ. ಜೋಡಿಸುವವನು ಬೇರೊಬ್ಬನಾದರೆ ಅವನಿಗೆ ಏನೂ ತಿಳಿಯದು. ಹಲಗೆ ಮುರಿದರೆ ಕೂಡಲೆ ಕಾಣುತ್ತದೆ, ಹೊಣೆಗಾರನೂ ಎದುರಿಗಿರುತ್ತಾನೆ. ತಿರುಪು ಕಳೆದುಹೋದದ್ದು ತಿಳಿಯುವ ಹೊತ್ತಿಗೆ ಅವನು ದೂರ ಹೋಗಿರುತ್ತಾನೆ. ಯಾರೂ ಕೇಳಲಾರದ ಹೊಣೆಯನ್ನು ತಾನಾಗಿ ಹೊರುವುದರಲ್ಲಿಯೇ ನೀತಿಯ ಪರೀಕ್ಷೆಯಿದೆಯಲ್ಲವೆ?

ನಮ್ಮ ನಾಡಿಗೆ ಈ ಪ್ರಶ್ನೆ ಹೊರಗಿನದಲ್ಲ. ಇಲ್ಲಿಯ ಹಿರಿಯರು ಮನೆ ಬದಲಿಸದೆಯೇ ರಾಜ್ಯ ಬದಲಿಸಿದವರು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕನ್ನು ಬಿಚ್ಚಿ ಕೇರಳಕ್ಕೆ ಜೋಡಿಸಲಾಯಿತು. ಗಡಿಯೆಂಬ ದೊಡ್ಡ ಹಲಗೆಗಳನ್ನು ಸಾಗಿಸಿದವರು ಒಂದು ಸಣ್ಣ ಚೀಲವನ್ನೂ ಜೊತೆಗೆ ಕಟ್ಟಿದ್ದರು. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು ಅದು ಹೇಳುತ್ತದೆ.

ಆದರೆ ಚೀಲವನ್ನು ಕಟ್ಟಿದ ಮಾತ್ರಕ್ಕೆ ಕಪಾಟು ನಿಲ್ಲುವುದಿಲ್ಲ. ಕನ್ನಡ ಬಲ್ಲ ಅಧ್ಯಾಪಕ, ಸಕಾಲದಲ್ಲಿ ಕೈಸೇರುವ ಪಾಠಪುಸ್ತಕ, ಕನ್ನಡದಲ್ಲಿ ಅಚ್ಚಾದ ಅರ್ಜಿನಮೂನೆ, ಇವೇ ಅದರೊಳಗಿನ ತಿರುಪುಗಳು. ಕಟ್ಟಿಕೊಟ್ಟವನ ಹೊಣೆ ಮುಗಿದಲ್ಲಿ ಪಡೆದವನ ಹೊಣೆ ಆರಂಭವಾಗುತ್ತದೆ. ಒಂದೊಂದನ್ನೂ ಹುಡುಕಿ, ಎಣಿಸಿ, ಅದರದರ ಸ್ಥಾನದಲ್ಲಿ ಬಿಗಿಯಬೇಕು. ಒಂದು ಕಾಣೆಯಾದರೆ ಅಂದೇ ಕೇಳಬೇಕು. ಆ ಕೆಲಸದಲ್ಲಿ ಸರಕಾರದ ಕೈಯೊಡನೆ ಶಾಲೆಯಲ್ಲಿರುವ ನಮ್ಮ ಕೈಯೂ ಸೇರಬೇಕಾಗಿದೆ.