ಇಂದಿನ ಧಮ್ಮಚಿಂತನೆ: ಲಾಯದ ಕೋಣೆಯ ಬಾಗಿಲು





ಒಳ್ಳೆಯ ಗೆಳೆತನವೆಂದರೆ ಧಮ್ಮಜೀವನದ ಅರ್ಧಭಾಗ ಎಂದು ಆನಂದ ಒಮ್ಮೆ ಬುದ್ಧರ ಬಳಿ ಹೇಳಿದ. ಬುದ್ಧರು ಅವನನ್ನು ತಿದ್ದಿದರು: ಅದು ಅರ್ಧವಲ್ಲ, ಇಡೀ ಧಮ್ಮಜೀವನವೇ ಅದು. ಸಂಯುತ್ತ ನಿಕಾಯದಲ್ಲಿ ಬರುವ ಈ ಸಂಗತಿ ನಮಗೆಲ್ಲ ಗೊತ್ತಿರುವುದೇ. ಆದರೆ ಆ ಗೆಳೆತನ ಎಷ್ಟು ದೂರ ಹೋಗಬೇಕು? ಇದನ್ನು ಯೋಚಿಸಲು ಇಂದು ಒಂದು ಕಾದಂಬರಿಯನ್ನು ತೆಗೆದುಕೊಂಡಿದ್ದೇನೆ. ಅಮೆರಿಕದ ಜಾನ್ ಸ್ಟೈನ್‌ಬೆಕ್ 1937ರಲ್ಲಿ ಪ್ರಕಟಿಸಿದ 'ಆಫ್ ಮೈಸ್ ಅಂಡ್ ಮೆನ್'.

ಜಾರ್ಜ್ ಮತ್ತು ಲೆನ್ನಿ ಕ್ಯಾಲಿಫೋರ್ನಿಯಾದ ದೊಡ್ಡ ಜಮೀನುಗಳಲ್ಲಿ ಕೂಲಿ ಮಾಡುವವರು. ಲೆನ್ನಿಯದು ಆನೆಯಂಥ ಮೈ, ಮಗುವಿನ ಬುದ್ಧಿ. ಅವನನ್ನು ಸಾಕಿದ ಅತ್ತೆ ಸತ್ತ ಮೇಲೆ ಜಾರ್ಜನೇ ಅವನನ್ನು ಜೊತೆಗಿಟ್ಟುಕೊಂಡಿದ್ದಾನೆ. ಬೈಯುತ್ತಾನೆ, ರೇಗುತ್ತಾನೆ, ಆದರೆ ಬಿಟ್ಟು ಹೋಗುವುದಿಲ್ಲ. ಸ್ವಂತ ತುಂಡು ಭೂಮಿ ಕೊಂಡು, ಮೊಲ ಸಾಕಿ, ಯಾರ ಹಂಗೂ ಇಲ್ಲದೆ ಬದುಕುವುದು ಇಬ್ಬರ ಕನಸು. ಸಿಗಾಲೋವಾದ ಸುತ್ತದಲ್ಲಿ ಬುದ್ಧರು ನಾಲ್ಕು ಬಗೆಯ ನಿಜ ಮಿತ್ರರನ್ನು ಹೇಳುತ್ತಾರೆ. ಅವರಲ್ಲಿ ಸುಖದುಃಖ ಎರಡರಲ್ಲೂ ಒಂದೇ ಸಮನಾಗಿ ನಿಲ್ಲುವವನು ಒಬ್ಬ. ಜಾರ್ಜ್ ಅಂಥವನು.

ಆದರೆ ನನ್ನ ಮನಸ್ಸು ನಿಲ್ಲುವುದು ಅದೇ ಜಮೀನಿನ ಇನ್ನೊಬ್ಬ ಕೆಲಸಗಾರನ ಹತ್ತಿರ. ಅವನು ಕ್ರೂಕ್ಸ್. ಕಪ್ಪು ಮನುಷ್ಯ. ಕುದುರೆ ಒದ್ದು ಬೆನ್ನು ಸೊಟ್ಟಗಾಗಿದೆ. ಉಳಿದ ಕೂಲಿಗಳೆಲ್ಲ ಒಂದೇ ಮನೆಯಲ್ಲಿ ಮಲಗುತ್ತಾರೆ, ಇಸ್ಪೀಟು ಆಡುತ್ತಾರೆ. ಕ್ರೂಕ್ಸ್‌ಗೆ ಅಲ್ಲಿ ಜಾಗವಿಲ್ಲ. ಅವನ ಮೈ ನಾರುತ್ತದಂತೆ! ಅವನ ವಾಸ ಲಾಯಕ್ಕೆ ಅಂಟಿದ ಕೋಣೆಯಲ್ಲಿ, ಕುದುರೆ ಸಾಮಾನುಗಳ ನಡುವೆ. ಈ ಕೋಣೆ ಎಲ್ಲಿರುತ್ತದೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಒಂದು ಶನಿವಾರ ರಾತ್ರಿ ಲೆನ್ನಿ ಬೆಳಕು ಕಂಡು ಆ ಕೋಣೆಗೆ ಬರುತ್ತಾನೆ. ಬರಬಾರದೆಂಬ ಕಟ್ಟಳೆಯೇ ಅವನ ತಲೆಗೆ ಹೋಗಿಲ್ಲ. ಹಿಂದೆಯೇ ಮುದುಕ ಕ್ಯಾಂಡಿ ಬರುತ್ತಾನೆ. ಅವನು ಕೈ ಕಳೆದುಕೊಂಡವನು, ಪರಿಹಾರವಾಗಿ ಸಿಕ್ಕಿದ್ದು 250 ಡಾಲರ್. ಅವನೂ ಕ್ರೂಕ್ಸನೂ ಅದೇ ಜಮೀನಿನಲ್ಲಿ ಬಹಳ ವರ್ಷ ದುಡಿದವರು, ಆದರೂ ಕ್ಯಾಂಡಿ ಆ ಕೋಣೆಯೊಳಗೆ ಕಾಲಿಟ್ಟದ್ದು ಅಂದೇ ಮೊದಲು. ಮೂವರೂ ಆ ತುಂಡು ಭೂಮಿಯ ಮಾತಾಡುತ್ತಾರೆ. ಮೊದಲು ನಕ್ಕ ಕ್ರೂಕ್ಸ್, ಬರೀ ಊಟ ಹಾಕಿದರೂ ಸಾಕು ನಾನೂ ಬಂದು ದುಡಿಯುತ್ತೇನೆ ಎನ್ನುತ್ತಾನೆ. ಅಷ್ಟರಲ್ಲಿ ಯಜಮಾನನ ಸೊಸೆ ಬರುತ್ತಾಳೆ. ಹೊರಗೆ ಹೋಗು ಎಂದ ಕ್ರೂಕ್ಸ್‌ಗೆ, ನಾನು ಮನಸ್ಸು ಮಾಡಿದರೆ ನಿನ್ನನ್ನು ಮರಕ್ಕೆ ನೇತುಹಾಕಿಸಬಲ್ಲೆ ಎಂದು ಹೆದರಿಸುತ್ತಾಳೆ. ಅವನು ಗೋಡೆಗೆ ಅಂಟಿಕೊಂಡು ಕುಗ್ಗಿಹೋಗುತ್ತಾನೆ. ಆಮೇಲೆ, ನಾನು ಬರುತ್ತೇನೆಂದದ್ದನ್ನು ಮರೆತುಬಿಡಿ ಎನ್ನುತ್ತಾನೆ.

ಆ ಕೋಣೆಯ ಕಪಾಟಿನಲ್ಲಿ ಒಂದು ಹಳೆಯ ಪುಸ್ತಕವಿದೆ. ಕ್ಯಾಲಿಫೋರ್ನಿಯಾದ 1905ರ ಸಿವಿಲ್ ಕಾನೂನು. ಓದಿ ಓದಿ ಹರಿದದ್ದು. ತನ್ನ ಹಕ್ಕು ಏನೆಂದು ಅವನಿಗೆ ಗೊತ್ತು. ಆದರೆ ಆ ಗಳಿಗೆಯಲ್ಲಿ ಪುಸ್ತಕ ಅವನ ನೆರವಿಗೆ ಬರಲಿಲ್ಲ. ಕ್ಯಾಂಡಿ ಒಬ್ಬ ತಡೆದು ಮಾತಾಡಲು ನೋಡಿದ, ಅವನ ಮಾತನ್ನು ಯಾರು ನಂಬುತ್ತಾರೆಂದು ಅವಳು ತಳ್ಳಿಹಾಕಿದಳು.

ಬಾಬಾಸಾಹೇಬರು ಇದನ್ನು ಬಲ್ಲವರು. ಜಾತಿಯೆಂದರೆ ಕೆಲಸದ ವಿಂಗಡಣೆ ಮಾತ್ರವಲ್ಲ, ಕೆಲಸಗಾರರದೇ ವಿಂಗಡಣೆ ಎಂದು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬರೆದರು. ಸಂವಿಧಾನವನ್ನು ರೂಪಿಸಿದ ಮೇಲೂ, 1954ರ ಅಕ್ಟೋಬರ್ 3ರ ಆಕಾಶವಾಣಿ ಭಾಷಣದಲ್ಲಿ, ಸ್ವಾತಂತ್ರ್ಯ ಸಮಾನತೆಗಳನ್ನು ಕಾಯಲು ಕಾನೂನೊಂದೇ ಸಾಲದು, ನಿಜವಾದ ಕಾವಲು ಬಂಧುತ್ವವೇ ಎಂದರು. ಈ ಮೌಲ್ಯಗಳನ್ನು ಪಡೆದದ್ದು ಬುದ್ಧರಿಂದ ಎಂದೂ ಹೇಳಿದರು. ಕಾನೂನಿನ ಪುಸ್ತಕ ಕೊಟ್ಟವರೇ 1956ರಲ್ಲಿ ನಾಗಪುರದಲ್ಲಿ ಧಮ್ಮವನ್ನೂ ಕೊಟ್ಟದ್ದು ಏಕೆಂದು ಕ್ರೂಕ್ಸ್‌ನ ಕಪಾಟು ನೋಡಿದರೆ ಅರ್ಥವಾಗುತ್ತದೆ.

ಕಾದಂಬರಿಯ ಕೊನೆ ಕಠೋರ. ಲೆನ್ನಿಯ ಕೈಯಲ್ಲಿ, ಬೇಕೆಂದಲ್ಲದೆ, ಆ ಸೊಸೆ ಸಾಯುತ್ತಾಳೆ. ಕೊಲ್ಲಲು ಜನ ಹೊರಡುತ್ತಾರೆ. ಅವರ ಕೈಗೆ ಸಿಗುವ ಮುಂಚೆ ಜಾರ್ಜನೇ ಗೆಳೆಯನಿಗೆ ಗುಂಡಿಡುತ್ತಾನೆ. ಪಂಚಶೀಲದ ಮೊದಲ ಶೀಲವನ್ನು ಸ್ವೀಕರಿಸಿದ ನಾವು ಇದನ್ನು ಸರಿ ಎನ್ನಲಾರೆವು. ಜಾರ್ಜನನ್ನು ದ್ವೇಷಿಸಲೂ ಆರೆವು. ನಾನು ಕೇಳಿಕೊಳ್ಳುವುದು ಇಷ್ಟು: ಅಷ್ಟು ಜನ ದುಡಿಯುವವರ ನಡುವೆ ಅವನು ಹಾಗೆ ಒಂಟಿಯಾದದ್ದು ಹೇಗೆ? ಅಲ್ಲಿ ಕೂಲಿಗಳಿದ್ದರು, ಸಂಘವಿರಲಿಲ್ಲ. ಇಬ್ಬರ ಪ್ರೀತಿ ಇಬ್ಬರನ್ನು ಕಾಯಲು ಸಾಲಲಿಲ್ಲ. ಪ್ರೀತಿಗಿಂತ ಮೈತ್ರಿ ವಿಶಾಲ ಎಂದು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಓದುವುದು ಇದನ್ನೇ.

ಬಂಧುಗಳೇ, ಲಾಯದ ಕೋಣೆಯಲ್ಲಿ ಇದ್ದವರು ನಾವು. ಸರಿ. ಆದರೆ ನಾವೂ ಯಾರ ಬಾಗಿಲಿಗೆ ಹೋಗಿಲ್ಲ? ಎಡಗೈ, ಬಲಗೈ ಎಂಬ ಗೆರೆ ವಿಹಾರದಲ್ಲಿ ಅಳಿಸಿದಂತೆ ಕಂಡು, ಮದುವೆ ಮಾತು ಬಂದಾಗ ಮತ್ತೆ ಮೂಡುತ್ತದೆ. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರ ಹೆಸರು ನಮ್ಮಲ್ಲಿ ಎಷ್ಟು ಮನೆಗೆ ಗೊತ್ತು? ಎಲ್ಲ ಮನುಷ್ಯರೂ ಸಮಾನರು ಎಂಬುದು 22 ಪ್ರತಿಜ್ಞೆಗಳಲ್ಲಿ ನಾವು ಬಾಯಾರೆ ಹೇಳಿದ ಮಾತು.

ಇಂದಿನ ಅಭ್ಯಾಸ: ಮೈತ್ರಿ ಭಾವನೆಗೆ ಕುಳಿತಾಗ, ಎಷ್ಟೋ ವರ್ಷ ಪಕ್ಕದಲ್ಲೇ ಇದ್ದೂ ನಾವು ಮನೆಗೆ ಹೋಗದ ಒಬ್ಬರನ್ನು ನೆನೆಯೋಣ. ಈ ಭಾನುವಾರದೊಳಗೆ ಅವರ ಮನೆಗೆ ಹೋಗಿ, ಕೂತು, ಅವರು ಕೊಟ್ಟ ನೀರು ಕುಡಿದು ಬರೋಣ.

ಸಾಧು, ಸಾಧು, ಸಾಧು.
ಜೈ ಭೀಮ್.