ಯಾರ ಸರದಿ

“ಒಂದು ತಂದುಬಿಡಲೇನೇ?” ಎಂದು ಇವರು ಫೋನಿನಲ್ಲಿ ಕೇಳಿ ಮೂರು ವಾರವಾಗಿತ್ತು. ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ. ಕೇಳಿದ್ದು ನಿಂಟೆಂಡೊ ಸ್ವಿಚ್ ಎಂಬ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮಿನ ಬಗ್ಗೆ. ಇವರು ವಾರವಿಡೀ ಬೆಂಗಳೂರಿನಲ್ಲಿ. ಇಬ್ಬರು ಮಕ್ಕಳು, ಅತ್ತೆಯ ಜೊತೆ ನಾನು ಮೈಸೂರಿನಲ್ಲಿ. ಶುಕ್ರವಾರ ರಾತ್ರಿ ಬಂದು ಭಾನುವಾರ ಸಂಜೆ ಹೊರಡುವ ಅಪ್ಪನ ಆ ಪ್ರಶ್ನೆಯಲ್ಲಿ ಆಟದ ಸಾಮಾನಿಗಿಂತ ದೊಡ್ಡದೇನೋ ಇತ್ತು. ತಾನಿಲ್ಲದ ಐದು ದಿನಗಳ ಜಾಗದಲ್ಲಿ ಏನನ್ನಾದರೂ ಇಟ್ಟು ಹೋಗಬೇಕೆಂಬ ಆಸೆ. ಅದು ಗೊತ್ತಿದ್ದದ್ದರಿಂದ ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಬೇಕು ಎನ್ನಲೂ ಆಗಲಿಲ್ಲ.

ಇದೆಲ್ಲ ಶುರುವಾದದ್ದು ಜುಲೈಯಲ್ಲಿ, ಮೈದುನನ ಮಗ ನ್ಯೂಜೆರ್ಸಿಯಿಂದ ಬಂದು ಹತ್ತು ದಿನ ನಮ್ಮ ಜೊತೆ ಇದ್ದಾಗ. ಹನ್ನೊಂದು ವರ್ಷದ ಹುಡುಗ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನನ್ನ ಮಗನಿಗೆ ಹನ್ನೆರಡು, ಮಗಳಿಗೆ ಎಂಟು. ಮೊದಲ ಸಂಜೆ ಮೂವರೂ ನಡುಮನೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತ, ಯಾರಾದರೂ ನೋಡಿದರೆ ಕಣ್ಣು ತಪ್ಪಿಸುತ್ತ ಕೂತಿದ್ದರು. ನಾನು ಕೋಡುಬಳೆ ತಂದಿಟ್ಟೆ, ಅದೂ ಮುಗಿಯಿತು. ಆಮೇಲೆ ಅವನು ಎದ್ದು ಹೋಗಿ ಚೀಲದಿಂದ ಆ ಯಂತ್ರ ತಂದ. ಪರದೆಯ ಎರಡು ಪಕ್ಕಕ್ಕೂ ಕೂತಿದ್ದ ಪುಟ್ಟ ಹಿಡಿಗಳಲ್ಲಿ ಒಂದನ್ನು ಸರಕ್ಕನೆ ಮೇಲಕ್ಕೆ ಜಾರಿಸಿ ಬಿಡಿಸಿದ. ಒಂದು ಮಾತೂ ಆಡದೆ ಅದನ್ನು ನನ್ನ ಮಗಳ ಅಂಗೈಯಲ್ಲಿಟ್ಟ.

ಅರ್ಧ ಗಂಟೆಯಲ್ಲಿ ಮನೆ ತುಂಬ ಕೂಗಾಟ. ಅದು ಮಾರಿಯೊ ಕಾರ್ಟ್ ಎಂಬ ಕಾರು ಓಡಿಸುವ ಆಟ. ಚಿಕ್ಕವರ ಕಾರು ರಸ್ತೆ ಬಿಟ್ಟು ಬೀಳದಂತೆ ತಾನೇ ತಿದ್ದಿಕೊಳ್ಳುವ ಏರ್ಪಾಡು ಅದರಲ್ಲಿದೆ. ಮಗಳಿಗೆಂದು ಅವನು ಅದನ್ನು ಹಾಕಿಕೊಟ್ಟಿದ್ದ. ನಮ್ಮ ಕಾಲದಲ್ಲಿ ಅಷ್ಟು ಚಿಕ್ಕವರನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದೆವು. ಇಲ್ಲಿ ಅವಳು ಲೆಕ್ಕಕ್ಕೂ ಇದ್ದಳು. ಮೂರನೆಯ ದಿನ ಟಿವಿಗೆ ಜೋಡಿಸಿಕೊಂಡು ಬೌಲಿಂಗ್ ಆಟ ಹಾಕಿದರು. ಹಿಡಿಯನ್ನು ಕೈಯಲ್ಲಿಟ್ಟುಕೊಂಡು ತೋಳು ಬೀಸಿದರೆ ಪರದೆಯ ಮೇಲೆ ಚೆಂಡು ಉರುಳುತ್ತದೆ. ಎಪ್ಪತ್ನಾಲ್ಕರ ಅತ್ತೆ ಮಂಡಿನೋವಿನಿಂದ ಕುರ್ಚಿ ಬಿಟ್ಟು ಏಳುವುದಿಲ್ಲ. ಕೂತಲ್ಲೇ ಕೈ ಬೀಸಿದರು. ಹತ್ತು ಗೂಟಗಳಲ್ಲಿ ಒಂಬತ್ತು ಬಿದ್ದವು. ಉಳಿದ ಒಂದನ್ನು ಅವರು ನೋಡಿದ ನೋಟ ನನಗೀಗಲೂ ಕಣ್ಣಿಗೆ ಕಟ್ಟಿದಂತಿದೆ. ಮರುದಿನದಿಂದ ಸಂಜೆಯ ದೀಪ ಹಚ್ಚುತ್ತಲೇ “ಇವತ್ತು ಮೊದಲು ಯಾರ ಸರದಿ?” ಎಂದು ಕೇಳತೊಡಗಿದರು. ಮಾವನವರು ಹೋದ ಮೇಲೆ ಅವರು ಯಾವುದಕ್ಕಾದರೂ ಹೀಗೆ ಕಾದದ್ದನ್ನು ನಾನು ಕಂಡಿರಲಿಲ್ಲ.

ಇಷ್ಟೇ ಆಗಿದ್ದರೆ ಅಂದೇ ಹೂಂ ಎನ್ನುತ್ತಿದ್ದೆ.

ಮಧ್ಯೆ ಎರಡು ದಿನ ರಜೆ ಬಂತು. ತೀರ್ಥಹಳ್ಳಿ ಸೀಮೆಯ ನನ್ನ ತವರನ್ನು ಹುಡುಗನಿಗೆ ತೋರಿಸೋಣವೆಂದು ಹೊರಟೆವು. ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಬಸ್ಸು. ಗಾಡಿ ಹೊರಟೊಡನೆ ಅದೇ ಯಂತ್ರ ಹೊರಬಂತು. ಈ ಸಲ ಹಿಡಿಗಳು ಪಕ್ಕಕ್ಕೆ ಕಚ್ಚಿಕೊಂಡೇ ಇದ್ದವು. ಅವನೊಬ್ಬ ಆಡುತ್ತಿದ್ದ, ನನ್ನ ಮಕ್ಕಳಿಬ್ಬರೂ ಎರಡು ಕಡೆಯಿಂದ ಅವನ ಹೆಗಲಿಗೆ ಗಲ್ಲವಿಟ್ಟು ನೋಡುತ್ತಿದ್ದರು. ಅರಸೀಕೆರೆ ಬಂತು, ಹೋಯಿತು. ಭದ್ರಾವತಿ ದಾಟಿತು. ಶಿವಮೊಗ್ಗದ ಹತ್ತಿರ ತುಂಗೆಯ ಸೇತುವೆ ಮೇಲೆ ಗಾಡಿಯ ಸದ್ದು ಬದಲಾಯಿತು. ಆಷಾಢದ ಹೊಳೆ ಎರಡು ದಡವೂ ಮುಟ್ಟಿ ಕೆಂಪಗೆ ಹರಿಯುತ್ತಿತ್ತು. “ನೋಡ್ರೋ ಹೊಳೆ!” ಎಂದೆ. ಮೂರು ತಲೆಗಳಲ್ಲಿ ಒಂದೂ ಏಳಲಿಲ್ಲ. ಬಿಸಿಲಿಗೆ ಬಾಡಿದ ಮೂರು ಗಿಡಗಳ ಹಾಗೆ ಬಾಗಿದ್ದವು. ನನಗೆ ಸಿಟ್ಟು ಬರಲಿಲ್ಲ, ಭಯವಾಯಿತು.

ಒಂದೇ ವಸ್ತು, ಹೀಗೂ ಇತ್ತು ಹಾಗೂ ಇತ್ತು. ಮನೆಯಲ್ಲಿ ಮಾತು ಬಾರದ ಹುಡುಗನ ಕೈಯಿಂದ ತಂಗಿಯ ಕೈಗೆ ದಾಟಿದ್ದೂ ಅದೇ, ರೈಲಿನಲ್ಲಿ ಹೊಳೆಯನ್ನು ಮರೆಸಿದ್ದೂ ಅದೇ. ಎಷ್ಟು ಗಂಟೆ ಆಡಿದರು ಎಂಬ ಲೆಕ್ಕದಲ್ಲಿ ಈ ವ್ಯತ್ಯಾಸ ಸಿಗುವುದಿಲ್ಲ. ಅಳತೆ ಬೇರೇನೋ ಇರಬೇಕು ಎನ್ನಿಸಿತು.

ಈ ಯಂತ್ರಗಳ ಹುಟ್ಟಿನ ಕಥೆ ಓದಿದಾಗ ಆ ಅಳತೆಯ ಒಂದು ತುದಿ ಸಿಕ್ಕಿತು. ನಿಂಟೆಂಡೊ 1889ರಲ್ಲಿ ಜಪಾನಿನ ಕ್ಯೋಟೊದಲ್ಲಿ ಶುರುವಾದದ್ದು ಇಸ್ಪೀಟಿನಂಥ ಎಲೆಗಳನ್ನು ಮಾಡುವ ಅಂಗಡಿಯಾಗಿ. ಹನಾಫುದಾ ಎಂಬ, ಹೂಗಳ ಚಿತ್ರವಿರುವ ಎಲೆಗಳು. ನಮ್ಮೂರಿನ ಗಂಜೀಫಾ ಎಲೆಗಳು ನೆನಪಾದವು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳ ಮೇಲೆ ಎಂಥ ಮಮತೆಯೆಂದರೆ, ದೇವದೇವತೆಗಳ ರೂಪ ವಿವರಿಸುವ ‘ಶ್ರೀತತ್ತ್ವನಿಧಿ’ಯಲ್ಲೇ ಒಂಬತ್ತನೆಯ ಭಾಗವನ್ನು, ಕೌತುಕನಿಧಿಯನ್ನು, ಆಟಗಳಿಗೆ ಬಿಟ್ಟುಕೊಟ್ಟರು. ಕ್ಯೋಟೊದ ಎಲೆಯಾಗಲಿ ಮೈಸೂರಿನ ಎಲೆಯಾಗಲಿ, ಹಂಚಬೇಕಾದರೆ ಎದುರಿಗೊಬ್ಬರು ಕೂತಿರಬೇಕು. ಅದೇ ಕಂಪನಿ 1980ರಲ್ಲಿ ಅಂಗೈಯಲ್ಲಿ ಹಿಡಿಯುವ ತನ್ನ ಮೊದಲ ಆಟದ ಯಂತ್ರ ಹೊರತಂದಿತು, ‘ಗೇಮ್ ಅಂಡ್ ವಾಚ್’. ಅದನ್ನು ರೂಪಿಸಿದ ಗುನ್ಪೆ ಯೊಕೊಯಿಗೆ ಅದು ಹೊಳೆದದ್ದು ರೈಲಿನಲ್ಲಂತೆ. ಯಾರೋ ಒಬ್ಬ ಪ್ರಯಾಣಿಕ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತ ಕೂತಿದ್ದನಂತೆ.

ಎಲೆ ಹಂಚುತ್ತಿದ್ದ ಮನೆ ತೊಂಬತ್ತೊಂದು ವರ್ಷದ ನಂತರ ಒಬ್ಬಂಟಿ ಪ್ರಯಾಣಿಕನಿಗೆ ಆಟ ಮಾಡಿಕೊಟ್ಟಿತು. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಒಬ್ಬಂಟಿತನಕ್ಕೂ ಆಸರೆ ಬೇಕು. 1989ರಲ್ಲಿ ಬಂದ ಗೇಮ್‌ಬಾಯ್ ಕೂಡ ಒಬ್ಬರ ಕೈಯದೇ, ಆದರೆ ಎರಡಕ್ಕೆ ನಡುವೆ ಒಂದು ತಂತಿ ಜೋಡಿಸಿ ಇಬ್ಬರು ಎದುರುಬದುರಾಗಿ ಆಡಬಹುದಿತ್ತು. 2017ರ ಸ್ವಿಚ್‌ನಲ್ಲಿ ಎರಡನೆಯವರಿಗೂ ಒಂದು ಹಿಡಿ ಯಂತ್ರದ ಮೈಯಲ್ಲೇ ಇದೆ. 2019ರಲ್ಲಿ ಸ್ವಿಚ್ ಲೈಟ್ ಬಂತು. ಚಿಕ್ಕದು, ಹಗುರ, ಅಗ್ಗ. ದೊಡ್ಡದು ಮಾರುಕಟ್ಟೆಗೆ ಬಂದದ್ದು 300 ಡಾಲರ್‌ಗೆ, ಇದು 200ಕ್ಕೆ. ಇದರ ಹಿಡಿಗಳು ಬಿಚ್ಚಿ ಬರುವುದಿಲ್ಲ. ಟಿವಿಗೆ ಜೋಡಿಸಲೂ ಆಗುವುದಿಲ್ಲ.

ಇವರು ಎರಡನೆಯ ಸಲ ಫೋನಿನಲ್ಲಿ ಹೇಳಿದ್ದು ಅದನ್ನೇ: “ಇಬ್ಬರಿಗೂ ಒಂದೊಂದು ಚಿಕ್ಕದನ್ನೇ ತಂದರೆ ಹೇಗೆ? ಜಗಳವೇ ಇರುವುದಿಲ್ಲ.”

ಜಗಳವೇ ಇರುವುದಿಲ್ಲ. ಆ ಮಾತು ರಾತ್ರಿಯೆಲ್ಲ ನನ್ನೊಳಗೆ ಕುಟ್ಟುತ್ತಿತ್ತು. ನಿಜವಾಗಿಯೂ ಇರುವುದಿಲ್ಲ. ಅಣ್ಣ ಒಂದು ಮೂಲೆ, ತಂಗಿ ಒಂದು ಮೂಲೆ, ಅಜ್ಜಿ ಕುರ್ಚಿಯಲ್ಲಿ. ಯಾರೂ ಯಾರನ್ನೂ ‘ಈಗ ಕೊಡು’ ಎಂದು ಕೇಳುವುದಿಲ್ಲ. ಕೇಳದ ಮೇಲೆ ಕೊಡುವುದೂ ಇಲ್ಲ. ಮೈದುನನ ಮಗನ ಯಂತ್ರದಲ್ಲಿ ಅನಿಮಲ್ ಕ್ರಾಸಿಂಗ್ ಎಂಬ ಇನ್ನೊಂದು ಆಟವಿತ್ತು. ಒಂದು ದ್ವೀಪದಲ್ಲಿ ಮನೆ ಕಟ್ಟಿ, ಗಿಡ ನೆಟ್ಟು, ಮೀನು ಹಿಡಿದು ಬದುಕುವ ನಿಧಾನದ ಆಟ. ಒಂದು ಯಂತ್ರಕ್ಕೆ ಒಂದೇ ದ್ವೀಪ. ಮನೆಯ ಎಷ್ಟು ಜನ ಆಡಿದರೂ ಎಲ್ಲರೂ ಅದೇ ನೆಲದಲ್ಲಿ ಗುಡಾರ ಹಾಕಿಕೊಳ್ಳಬೇಕು. ಮೊದಲು ಬಂದವನು ದ್ವೀಪದ ಪ್ರತಿನಿಧಿ. ಸೇತುವೆ ಎಲ್ಲಿ ಬರಬೇಕೆಂದು ಗೊತ್ತುಮಾಡುವ ಅಧಿಕಾರ ಅವನಿಗೆ ಮಾತ್ರ. ನನ್ನ ಮಗನಿಗೆ ಅದನ್ನು ಸಹಿಸಲಾಗಲಿಲ್ಲ, ಎರಡು ದಿನ ಮುನಿಸಿಕೊಂಡಿದ್ದ. ಮೂರನೆಯ ದಿನ ಹರಕುಮುರುಕು ಇಂಗ್ಲಿಷು, ಹರಕುಮುರುಕು ಕನ್ನಡದಲ್ಲಿ ಇಬ್ಬರೂ ಚೌಕಾಸಿ ಮಾಡಿ ಸೇತುವೆಯನ್ನು ನನ್ನ ಮಗನ ಗುಡಾರದ ಬಳಿಗೆ ತಂದರು. ಆ ಹತ್ತು ದಿನಗಳಲ್ಲಿ ಅವರಿಬ್ಬರ ನಡುವೆ ನಡೆದ ಅತಿ ಉದ್ದದ ಮಾತುಕತೆ ಅದು. ಒಬ್ಬೊಬ್ಬರಿಗೆ ಒಂದೊಂದು ದ್ವೀಪವಿದ್ದಿದ್ದರೆ ಅದು ನಡೆಯುತ್ತಿರಲಿಲ್ಲ.

ಇಲ್ಲಿ ನನ್ನ ತವರಿನ ಜಗಲಿಯ ಮಾತು ಹೇಳಲೇಬೇಕು. ಅಲ್ಲಿಯ ಹಾಸುಗಲ್ಲಿನಲ್ಲಿ ಚೌಕಾಬಾರದ ಮನೆ ಕೊರೆದಿದೆ, ಯಾರು ಯಾವಾಗ ಕೊರೆದರೋ. ಇಪ್ಪತ್ತೈದು ಮನೆ, ನಡುವೆ ಹಣ್ಣಾಗುವ ಗುಣಿಸು ಗುರುತಿನ ಮನೆ. ಹಂಪಿಯ ಮಂಟಪಗಳ ನೆಲದಲ್ಲೂ ಇಂಥ ಆಟದ ಮನೆಗಳನ್ನು ನೋಡಿದ್ದೇನೆ. ಕಲ್ಲಿನಲ್ಲಿರುವ ಆಟವನ್ನು ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳಲಾಗದು. ಆಡಬೇಕೆನ್ನುವವರು ಅಲ್ಲಿಗೇ ಬರಬೇಕು. ಈ ಸಲವೂ ಮಕ್ಕಳು ಕವಡೆ ಹಾಕಿ ಆಡಿದರು, ಸಂತೋಷಪಟ್ಟರು, ಒಂದು ಗಂಟೆಯ ನಂತರ ಮತ್ತೆ ಯಂತ್ರ ಹಿಡಿದರು.

ಹಿಂದಿನದೆಲ್ಲ ಚೆನ್ನಾಗಿತ್ತು ಎಂದು ಮಾತ್ರ ನಾನು ಹೇಳಲಾರೆ. ಆ ಜಗಲಿಯ ಮೇಲೆ ನನ್ನ ಅಣ್ಣಂದಿರು ಕತ್ತಲಾಗುವವರೆಗೆ ಆಡಿದ್ದಾರೆ. ನನ್ನ ಕಾಯಿ ಒಳಸುತ್ತಿಗೆ ಬರುವ ಹೊತ್ತಿಗೆ ಅಡುಗೆಮನೆಯಿಂದ ಕರೆ ಬರುತ್ತಿತ್ತು. ಹೂ ಬಿಡಿಸು, ಎಲೆ ಹಾಕು, ತಮ್ಮನನ್ನು ಎತ್ತಿಕೋ. ನಾನೆದ್ದ ಕೂಡಲೇ ನನ್ನ ಕಾಯಿಗಳನ್ನು ಯಾರೋ ಆಡುತ್ತಿದ್ದರು. ಗೆದ್ದರೆ ಅದು ಅವರ ಗೆಲುವು. ನನ್ನಮ್ಮ ಅಲ್ಲಿ ಆಡಲು ಕೂತದ್ದನ್ನಂತೂ ನಾನು ಒಮ್ಮೆಯೂ ನೋಡಿಲ್ಲ. ಕಲ್ಲಿನಲ್ಲಿ ಕೊರೆದ ಆಟವೂ ಎಲ್ಲರನ್ನೂ ಕರೆಯುವುದಿಲ್ಲ. ಸರದಿಯನ್ನು ಮನೆಯವರೇ ಕೊಡಬೇಕು.

ಮೊಬೈಲು, ಗೇಮು ಎಂದ ಕೂಡಲೇ ಭಯದ ಸುದ್ದಿಗಳು ಬರುತ್ತವೆ. ಆ ಭಯಕ್ಕೆ ಆಧಾರವಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ವ್ಯಸನವೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯನ್ನು ನಾನು ಎರಡೆರಡು ಸಲ ಓದಿದೆ. ಅದರಲ್ಲಿ ದಿನಕ್ಕೆ ಇಷ್ಟು ಗಂಟೆ ಎಂಬ ಮಾತಿಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲದಕ್ಕಿಂತ ಆಟವೇ ಮುಂದಾಗುವುದು, ಕೆಡುಕಾಗುತ್ತಿದ್ದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಂಡುಬರಬೇಕು. ವೈದ್ಯರೂ ಕೇಳುತ್ತಿರುವುದು ಆಟ ಯಾವುದರ ಜಾಗವನ್ನು ಕಿತ್ತುಕೊಂಡಿತು ಎಂದು. ಸೇತುವೆಯ ಮೇಲೆ ನನಗಾದ ಭಯಕ್ಕೆ ಅಲ್ಲಿ ಒಂದು ಹೆಸರು ಸಿಕ್ಕಂತಾಯಿತು. ಆದರೆ ಆ ಪ್ರಶ್ನೆ ಮಕ್ಕಳಿಗಿಂತ ಮೊದಲು ನನ್ನ ಕಡೆಗೇ ತಿರುಗಿತು.

ಆ ಹತ್ತು ದಿನ ಸಂಜೆ ಆರರಿಂದ ಎಂಟರವರೆಗೆ ನನಗೆ ಯಾರೂ ಅಡ್ಡ ಬಂದಿರಲಿಲ್ಲ. ಹೋಂವರ್ಕಿನ ರಗಳೆ ಇಲ್ಲ, ‘ಅಮ್ಮ ಇವನು ನೋಡು’ ಎಂಬ ದೂರಿಲ್ಲ, ಅತ್ತೆಯ ಒಂಟಿ ನಿಟ್ಟುಸಿರಿಲ್ಲ. ಸಾರು ಕುದಿಯುವ ಸದ್ದು ಕೇಳುವಷ್ಟು ಅಡುಗೆಮನೆ ಶಾಂತವಾಗಿತ್ತು. ಆ ಶಾಂತಿ ನನಗೆ ಹಿತವಾಗಿತ್ತು. ಹುಡುಗ ಹೋದ ಮೇಲೆ ಬೇಕೆನ್ನಿಸಿದ್ದು ಮಕ್ಕಳ ಆನಂದವೋ ನನ್ನ ಆ ಎರಡು ಗಂಟೆಯೋ ಎಂದು ಕೇಳಿಕೊಂಡೆ. ಎರಡೂ ಎಂಬುದೇ ನಿಜ. ಅಪ್ಪ ತಾನಿಲ್ಲದ ಜಾಗದಲ್ಲಿ ಇಡಲು ಒಂದು ವಸ್ತು ಹುಡುಕುತ್ತಿದ್ದರೆ, ಮನೆಯಲ್ಲೇ ಇದ್ದ ನಾನೂ ಅದನ್ನೇ ಹುಡುಕುತ್ತಿದ್ದೆ.

ಇನ್ನೊಂದು ಸಣ್ಣ ಸಂಗತಿ. ಆಟಗಳು ಬರುವ ಆ ಪುಟ್ಟ ಕಾರ್ಡನ್ನು ಮಗಳು ಒಂದು ದಿನ ಬಾಯಿಗಿಟ್ಟು ಥೂ ಎಂದು ಉಗಿದಳು. ಕಂಪನಿಯವರೇ ಅದಕ್ಕೆ ಕಡು ಕಹಿಯ ಲೇಪ ಕೊಡುತ್ತಾರೆ, ಮಕ್ಕಳು ನುಂಗದಿರಲೆಂದು. ಮೊಲೆ ಬಿಡಿಸುವಾಗ ನಮ್ಮ ಹೆಂಗಸರು ಬೇವು ಹಚ್ಚಿಕೊಳ್ಳುತ್ತಿದ್ದರು. ಆ ಕಹಿಯ ಹಿಂದೆ ತಾಯಿ ಇರುತ್ತಿದ್ದಳು. ಎದೆ ತಪ್ಪಿದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ತುತ್ತು ಕಲಸುತ್ತಿದ್ದಳು. ಸ್ವಿಚ್‌ನಲ್ಲೂ ಪೋಷಕರಿಗೆಂದು ಒಂದು ಆ್ಯಪ್ ಇದೆ. ದಿನಕ್ಕೆ ಇಷ್ಟು ಹೊತ್ತು ಎಂದು ಫೋನಿನಿಂದಲೇ ಕಟ್ಟುಹಾಕಬಹುದು, ಬೇಕೆಂದರೆ ಹೊತ್ತು ಮುಗಿದಾಗ ಆಟವನ್ನು ತಾನೇ ನಿಲ್ಲಿಸುವಂತೆಯೂ ಮಾಡಬಹುದು. ಒಳ್ಳೆಯದೇ, ತಂದರೆ ಬಳಸುತ್ತೇನೆ. ನಿಲ್ಲಿಸಿದ ಮೇಲೆ ಮಗು ತಲೆಯೆತ್ತಿ ನೋಡುವಾಗ ಎದುರಿಗೆ ಯಾರಿರುತ್ತಾರೆ ಎಂಬುದು ಮಾತ್ರ ಆ್ಯಪಿನ ಕೈಯಲ್ಲಿಲ್ಲ.

ಹುಡುಗ ಹೊರಡುವ ಹಿಂದಿನ ರಾತ್ರಿ ಎಲ್ಲರೂ ಬೌಲಿಂಗ್ ಆಡುತ್ತಿದ್ದರು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಮಗಳು ಓಡಿಬಂದು ಆ ಪುಟ್ಟ ಹಿಡಿಯನ್ನು ನನ್ನ ಮುಂದೆ ಚಾಚಿದಳು. “ಅಮ್ಮ, ನಿನ್ನ ಸರದಿ!” ನನ್ನ ಎರಡೂ ಕೈ ಹಿಟ್ಟು. “ಆಮೇಲೆ ಕಣೇ” ಎಂದೆ. ಅವಳು ಒಂದು ಕ್ಷಣ ನಿಂತು, ಒಳಗೆ ಹೋಗಿ, “ಅಮ್ಮಂದು ನಾನೇ ಆಡ್ತೀನಿ” ಎಂದು ಹೇಳಿದ್ದು ಕೇಳಿಸಿತು.

ಮೊನ್ನೆ ಗುರುವಾರ ರಾತ್ರಿ ನಾನೇ ಫೋನ್ ಮಾಡಿದೆ.

“ರೀ, ಚಿಕ್ಕದು ಎರಡು ಬೇಡ. ಬಿಚ್ಚಿ ಇಬ್ಬರು ಹಿಡಿಯೋದು ಒಂದೇ ಒಂದು ತನ್ನಿ. ನಡುಮನೆ ಟಿವಿ ಹತ್ತಿರಾನೇ ಇರಲಿ, ರೈಲಿಗೆ ಬೇಡ.”

“ಸರಿ. ಅದಕ್ಕೆ ದುಡ್ಡು ಸ್ವಲ್ಪ ಜಾಸ್ತಿ ಆಗುತ್ತೆ, ಮುಂದಿನ ತಿಂಗಳಾಗಲಿ.”

“ಆಗಲಿ. ಇನ್ನೊಂದು ಮಾತು. ಶನಿವಾರ ರಾತ್ರಿ ಅಡುಗೆ ನಿಮ್ಮದು.”

ಅತ್ತ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಕೇಳಿದರು, “ಏನು ಮಾಡಲಿ?”

“ಚಿತ್ರಾನ್ನ ಸಾಕು,” ಎಂದೆ. “ಅತ್ತೆಗೆ ಮೆಣಸಿನಕಾಯಿ ಕಡಿಮೆ ಹಾಕಿ.”