ವಾಹನಕ್ಕೂ ಒಂದು ಪರಿಮಾಣ

ಅಷ್ಟಮಿ-ಚತುರ್ದಶಿಗಳಂದು ಉಪವಾಸವಿರುವ, ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸುವ, ಕಂದಮೂಲಗಳನ್ನು ಮುಟ್ಟದ ಶ್ರಾವಕನ ಅಂಗಳದಲ್ಲಿ ಎರಡು-ಮೂರು ಕಾರುಗಳು ನಿಂತಿರುವುದು ಮೂಡಬಿದಿರೆ, ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಇಂದು ಅಪೂರ್ವ ದೃಶ್ಯವೇನಲ್ಲ. ನಾಲಗೆಗೆ ತೊಡಿಸಿದ ಕಡಿವಾಣವನ್ನು ವಾಹನಕ್ಕೇಕೆ ತೊಡಿಸಲಿಲ್ಲವೆಂದು ಕೇಳಿದರೆ, ಅದು ವ್ರತದ ವಿಷಯವೇ ಅಲ್ಲವೆಂಬ ಉತ್ತರ ಬರುತ್ತದೆ.

ಈ ಉತ್ತರ ಆಗಮಸಮ್ಮತವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಆಹಾರದೊಡನೆ ವಾಹನವನ್ನೂ ಹೆಸರಿಸಿದ್ದಾರೆ. ಬದುಕಿರುವವರೆಗಿನ ತ್ಯಾಗವು ಯಮ. ದಿನ, ಪಕ್ಷ, ಮಾಸ, ಋತುವೆಂದು ಕಾಲವನ್ನು ಗೊತ್ತುಮಾಡಿಕೊಂಡ ತ್ಯಾಗವು ನಿಯಮ. ಪರಿಗ್ರಹ ಪರಿಮಾಣದ ಐದು ಅತಿಚಾರಗಳಲ್ಲಿ ಅವರು ಮೊದಲು ಹೇಳುವುದು ಅತಿವಾಹನವನ್ನೇ. ಲೋಭದಿಂದ ಎತ್ತು ಮೊದಲಾದವನ್ನು ಶಕ್ತಿಮೀರಿ ನಡೆಸುವುದೆಂದು ಟೀಕಾಕಾರರು ಅರ್ಥ ಹೇಳಿದ್ದಾರೆ. ಎತ್ತಿನ ಗಾಡಿ ಮರೆಯಾಯಿತೆಂದು ಆ ಲೋಭವೂ ಮರೆಯಾಗಲಿಲ್ಲ.

ಒಂದೇ ವಾಹನದಲ್ಲಿ ಹತ್ತು ಮಂದಿ ಕೂಡಿ ಹೋಗುವುದು ಈ ಜಿಲ್ಲೆಗೆ ಹೊಸತಲ್ಲ. 1914ರಲ್ಲಿ ಮಂಗಳೂರಿನಲ್ಲಿ ವಿ. ಎಸ್. ಕುಡ್ವರ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಆರಂಭವಾದಂದಿನಿಂದ ಖಾಸಗಿ ಬಸ್ಸುಗಳು ಈ ನಾಡನ್ನು ನಡೆಸಿವೆ. ಬಸ್ಸು ಕಾಣದ ಒಳದಾರಿಗಳಲ್ಲಿ ಸರ್ವಿಸ್ ಜೀಪುಗಳಿದ್ದವು. ಒಬ್ಬರ ಮಗು ಇನ್ನೊಬ್ಬರ ತೊಡೆಯ ಮೇಲೆ, ಕಾಲಬುಡದಲ್ಲಿ ಅಡಿಕೆಯ ಮೂಟೆ. ನಗರದವರೂ ಈಗ ಈ ದಾರಿಯನ್ನೇ ಅರಸುತ್ತಿದ್ದಾರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಟ್ಟಣದಲ್ಲಿ 1948ರಲ್ಲೇ ಕೆಲವರು ಸಹಕಾರ ತತ್ತ್ವದಲ್ಲಿ ಕಾರನ್ನು ಹಂಚಿಕೊಂಡರು. ಬೆಂಗಳೂರಿನಲ್ಲಿ 2013ರಲ್ಲಿ ಜೂಮ್‌ಕಾರ್ ಸಂಸ್ಥೆ ಗಂಟೆಯ ಲೆಕ್ಕದಲ್ಲಿ ಕಾರು ಕೊಡತೊಡಗಿತು. ಸ್ವಂತದ ಕಾರು ದಿನದ ಹೆಚ್ಚು ಹೊತ್ತು ಸುಮ್ಮನೆ ನಿಂತಿರುತ್ತದೆಂಬುದೇ ಇದಕ್ಕೆಲ್ಲ ಮೂಲ.

ಉಮಾಸ್ವಾಮಿಗಳು ಪರಿಗ್ರಹವನ್ನು ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ, ಗುರುತಿಸಿದರು. ಹಾಗಾದರೆ ಮಮತ್ವವಿಲ್ಲದೆ ಕಾರಿಟ್ಟುಕೊಳ್ಳಬಾರದೇ ಎಂದು ಕೇಳುವವರುಂಟು. ಇಟ್ಟುಕೊಳ್ಳಬಹುದು. ಆದರೆ ಬಸದಿಯಲ್ಲಿ ಸಾಮಾಯಿಕಕ್ಕೆ ಕುಳಿತವನ ಚಿತ್ತ ಹೊರಗೆ ನಿಲ್ಲಿಸಿದ ಹೊಸ ಕಾರಿಗೆ ಬಿದ್ದ ಗೀರಿನ ಸುತ್ತಲೇ ಸುತ್ತುತ್ತಿದ್ದರೆ, ಉತ್ತರ ಅವನಿಗೇ ತಿಳಿದಿದೆ. ಬಸ್ಸಿನ ಗೀರಿಗೆ ಯಾರೂ ಮರುಗುವುದಿಲ್ಲ. ಬಾಡಿಗೆ ವಾಹನವೂ ಉಪಭೋಗವೇ ಸರಿ. ಸ್ವಂತದ್ದಲ್ಲವೆಂದು ನಿಷ್ಪ್ರಯೋಜನವಾಗಿ ಊರೂರು ಸುತ್ತಿದರೆ ಅನರ್ಥದಂಡದ ದೋಷ ತಪ್ಪದು. ಮಳೆಗಾಲದ ರಾತ್ರಿ ರಸ್ತೆಗಿಳಿದ ಕಪ್ಪೆಗಳಿಗೆ ಚಕ್ರ ಯಾರದೆಂಬ ಭೇದವಿಲ್ಲ.

ಇನ್ನೊಂದು ಮಾತು. ಬಿಳಿ ಫಲಕದ ಸ್ವಂತ ಕಾರಿನಲ್ಲಿ ಬಾಡಿಗೆ ಪಡೆದು ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧ. ರಾಜ್ಯದ ಕಟ್ಟಳೆ ಮೀರುವುದು ಅಚೌರ್ಯಾಣುವ್ರತಕ್ಕೆ ಅತಿಚಾರ. ನೆರೆಮನೆಯವರನ್ನು ಬಾಡಿಗೆಯಿಲ್ಲದೆ ಕೂರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಚಾತುರ್ಮಾಸದಲ್ಲಿ ಮುನಿಗಳು ವಿಹಾರವನ್ನೇ ನಿಲ್ಲಿಸುತ್ತಾರೆ. ಗೃಹಸ್ಥನು ಆ ನಾಲ್ಕು ತಿಂಗಳಿಗೆ, ಅಶಕ್ತನಾದರೆ ಒಂದು ಪಕ್ಷಕ್ಕೆ, ನಿಯಮ ತೆಗೆದುಕೊಳ್ಳಬಹುದು: ಬಸದಿಗಾಗಲಿ ವೇಣೂರಿನ ಬಾಹುಬಲಿಯ ದರ್ಶನಕ್ಕಾಗಲಿ ಬಸ್ಸಿನಲ್ಲಿ, ಇಲ್ಲವೇ ಎರಡು ಮನೆಯವರು ಒಂದೇ ವಾಹನದಲ್ಲಿ. ಕೊನೆಯ ಬಸ್ಸು ಹೋದ ಮೇಲೆ ಕಾಯಿಲೆ ಬಿದ್ದವರ, ನಡೆಯಲಾರದ ವೃದ್ಧರ, ಹೆರಿಗೆಯ ಪ್ರಸಂಗಗಳನ್ನು ನಿಯಮ ತೆಗೆದುಕೊಳ್ಳುವಾಗಲೇ ಹೊರತಾಗಿಸಿ ಹೇಳಿಕೊಳ್ಳತಕ್ಕದ್ದು.